ಚಿಂಚೋಳಿಯ ಶಾಸಕರು ಕಟ್ಟಿದ ವಿದ್ಯುತ್ ನಿಗಮ: ವೀರೇಂದ್ರ ಪಾಟೀಲರ ರಾಜಕೀಯ ಜೀವನದಿಂದ ನಾವು ತಿಳಿಯಬೇಕಾದ್ದು



ದೇವಣಿ, ಉದಗೀರ, ನಿಲಂಗಾ, ಉಮರ್ಗಾ ಭಾಗದ ನಮ್ಮ ಸದಸ್ಯರಲ್ಲಿ ಭಾಲ್ಕಿ, ಔರಾದ, ಬಸವಕಲ್ಯಾಣ, ಆಳಂದದ ಕಡೆ ಬೀಗರಿಲ್ಲದವರು ಬಹಳ ಕಡಿಮೆ. 2023ರ ಜುಲೈ ತಿಂಗಳ ಬಳಕೆಯಿಂದ ಕರ್ನಾಟಕದಲ್ಲಿ ಗೃಹಜ್ಯೋತಿ ಯೋಜನೆ ಬಂದ ಮೇಲೆ ಮದುವೆ, ಜಾತ್ರೆ, ಸಂತೆ ಎಲ್ಲಿ ಸೇರಿದರೂ ಒಂದೇ ಮಾತು: "ಅವರಿಗೆ ಮನೆಯ ಕರೆಂಟ್ ಪುಕ್ಕಟೆ, ನಮಗ್ಯಾಕಿಲ್ಲ?" 2024ರ ಏಪ್ರಿಲ್‌ನಿಂದ ಮಹಾರಾಷ್ಟ್ರ ಸರ್ಕಾರ 7.5 ಅಶ್ವಶಕ್ತಿಯವರೆಗಿನ ಕೃಷಿ ಪಂಪುಗಳ ಬಿಲ್ ಮಾಫಿ ಮಾಡಿತು. ಆಗ ಆಚೆಯವರು ನಮ್ಮ ಯೋಜನೆಯ ವಿವರ ಕೇಳತೊಡಗಿದರು.

ಈ ಮಾತು ಬಿಲ್ಲಿನ ಹತ್ತಿರವೇ ನಿಂತುಬಿಡುತ್ತದೆ. ಆ ಕರೆಂಟನ್ನು ತಯಾರಿಸುವವರು ಯಾರು, ಮಾರುವವರು ಯಾರು, ಪುಕ್ಕಟೆ ಕೊಟ್ಟಾಗ ಅದರ ಹಣ ಕಟ್ಟುವವರು ಯಾರು, ಇದರಲ್ಲಿ ನಮ್ಮ ಶಾಸಕರ ಪಾತ್ರವೇನು ಎಂದು ಕೇಳುವವರು ಕಡಿಮೆ. ಈ ಪ್ರಶ್ನೆಗಳಿಗೆ ಉತ್ತರ ಹೇಳಲು ನಮ್ಮ ಸೀಮೆಯವರೇ ಆದ ಒಬ್ಬ ಶಾಸಕರ ರಾಜಕೀಯ ಜೀವನವನ್ನು ಆರಿಸಿಕೊಂಡಿದ್ದೇವೆ. ಅವರೇ ಚಿಂಚೋಳಿಯ ವೀರೇಂದ್ರ ಪಾಟೀಲರು.

ನಮ್ಮ ಸೀಮೆಯವರು ಏಕೆ?

ವೀರೇಂದ್ರ ಪಾಟೀಲರು ಹುಟ್ಟಿದ್ದು 1924ರ ಫೆಬ್ರವರಿ 28ರಂದು, ಕಲಬುರಗಿ ಜಿಲ್ಲೆಯ ಚಿಂಚೋಳಿಯಲ್ಲಿ. ಆಗ ಅದು ನಿಜಾಮರ ಹೈದರಾಬಾದ್ ಸಂಸ್ಥಾನ. ನಮ್ಮ ಊರುಗಳೂ ಅದೇ ಸಂಸ್ಥಾನದಲ್ಲಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಉದಗೀರ ಮತ್ತು ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಗೇ ಸೇರಿದ್ದವು ಎಂಬುದು ಇಂದಿನ ತರುಣರಲ್ಲಿ ಅನೇಕರಿಗೆ ಗೊತ್ತಿಲ್ಲ. ಉರ್ದುವಿನಲ್ಲಿ ಕಚೇರಿ, ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಎನ್ನುವ ಬದುಕು ಅವರಿಗೂ ನಮ್ಮ ಹಿರಿಯರಿಗೂ ಸಮಾನವಾಗಿತ್ತು.

ಪಾಟೀಲರು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ ವಕೀಲರಾದರು. 1957ರ ಚುನಾವಣೆಯಲ್ಲಿ ಚಿಂಚೋಳಿಯಿಂದ ಮೈಸೂರು ವಿಧಾನಸಭೆಗೆ ಆಯ್ಕೆಯಾದರು. 1962 ಮತ್ತು 1967ರಲ್ಲಿಯೂ ಅಲ್ಲಿಂದಲೇ ಗೆದ್ದರು. ಎಸ್. ನಿಜಲಿಂಗಪ್ಪನವರ ಸಂಪುಟದಲ್ಲಿ ಲೋಕೋಪಯೋಗಿ ಸಚಿವರಾಗಿ ಕೆಲಸ ಮಾಡಿದರು. ಅವರನ್ನೂ ರಾಮಕೃಷ್ಣ ಹೆಗಡೆಯವರನ್ನೂ ನಿಜಲಿಂಗಪ್ಪನವರ "ಲವ-ಕುಶ" ಎಂದು ಆಗಿನ ಪತ್ರಿಕೆಗಳು ಕರೆಯುತ್ತಿದ್ದುದು ಹಿರಿಯ ಸದಸ್ಯರಿಗೆ ನೆನಪಿರಬಹುದು. ನಿಜಲಿಂಗಪ್ಪನವರು ಅಖಿಲ ಭಾರತ ಕಾಂಗ್ರೆಸ್ ಅಧ್ಯಕ್ಷರಾಗಿ ಹೋದ ಮೇಲೆ, 1968ರ ಮೇ 29ರಂದು ಪಾಟೀಲರು ಮುಖ್ಯಮಂತ್ರಿಯಾದರು. ಆಗ ಅವರಿಗೆ 44 ವರ್ಷ. ನಿಜಾಮ ಸೀಮೆಯಿಂದ ಬಂದು ಆ ಕುರ್ಚಿಯಲ್ಲಿ ಕುಳಿತವರಲ್ಲಿ ಅವರೇ ಮೊದಲಿಗರು.

ಆಗಿನ ಕರೆಂಟಿನ ಸ್ಥಿತಿ

ವಿದ್ಯುತ್ತಿನಲ್ಲಿ ಹಳೆಯ ಮೈಸೂರು ದೇಶದಲ್ಲೇ ಮುಂದಿತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂತು. 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾಯಿತು. 1964ರಲ್ಲಿ ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾಯಿತು. ಪಾಟೀಲರು ಸಚಿವರಾಗಿದ್ದ ವರ್ಷಗಳಲ್ಲಿಯೇ ಶರಾವತಿ ವಿದ್ಯುದಾಗಾರದ ಯಂತ್ರಗಳು ಒಂದೊಂದಾಗಿ ತಿರುಗತೊಡಗಿದವು. ಅಲ್ಲಿ ಒಟ್ಟು 10 ಯಂತ್ರಗಳಿವೆ, ಈಗಿನ ಸಾಮರ್ಥ್ಯ 1,035 ಮೆಗಾವ್ಯಾಟ್.

ಆದರೆ ಇವೆಲ್ಲ ಕಾವೇರಿ, ಶರಾವತಿಗಳ ಮಾತು. ಮಾಂಜ್ರಾ ದಂಡೆಯ ನಮ್ಮ ಸೀಮೆಯಲ್ಲಿ ಆಗ ಬಾವಿಯ ನೀರು ಎತ್ತುತ್ತಿದ್ದುದು ಕರೆಂಟಲ್ಲ, ಎತ್ತು. ನಮ್ಮ ಕಡೆ ಮೋಟ ಎನ್ನುವ ಕಪಿಲೆಗೆ ಹೂಡಿದ ದೇವಣಿ ತಳಿಯ ಜೋಡೆತ್ತು ಇಳಿಜಾರಿನಲ್ಲಿ ಮುಂದೆ ಹೋಗಿ ಹಿಂದೆ ಬಂದರೆ ಒಂದು ಬಾನಿ ನೀರು. ನಮ್ಮ ಊರಿನ ಹೆಸರು ಹೊತ್ತ ಆ ತಳಿಯೇ ನಮ್ಮ ಆಗಿನ "ಪವರ್ ಹೌಸ್". ಚಿಂಚೋಳಿಯ ರೈತನ ಸ್ಥಿತಿಯೂ ಇದಕ್ಕಿಂತ ಬೇರೆ ಇರಲಿಲ್ಲ. ಇಂಥ ತಾಲೂಕಿನಿಂದ ಹೋದ ಶಾಸಕರು ರಾಜ್ಯದ ಆಡಳಿತ ವಹಿಸಿಕೊಂಡರು.

1970ರ ಜುಲೈ 20

ಪಾಟೀಲರ ಮೊದಲ ಅವಧಿಯಲ್ಲಿ ಆದ ಒಂದು ಕೆಲಸಕ್ಕೆ ಅಂದು ಹೆಚ್ಚು ಪ್ರಚಾರ ಸಿಗುವಂತಿರಲಿಲ್ಲ. ಅದರಲ್ಲಿ ಕಂಬವಿಲ್ಲ, ದೀಪವಿಲ್ಲ, ಇದ್ದದ್ದು ಕಾಗದಪತ್ರ ಮಾತ್ರ. 1970ರ ಜುಲೈ 20ರಂದು ಅವರ ಸರ್ಕಾರ ಮೈಸೂರು ವಿದ್ಯುತ್ ನಿಗಮ ಎಂಬ ಸರ್ಕಾರಿ ಕಂಪನಿಯನ್ನು ಸ್ಥಾಪಿಸಿತು. ರಾಜ್ಯಕ್ಕೆ 1973ರಲ್ಲಿ ಕರ್ನಾಟಕ ಎಂಬ ಹೆಸರು ಬಂದ ಮೇಲೆ ಅದು ಕರ್ನಾಟಕ ವಿದ್ಯುತ್ ನಿಗಮ ಆಯಿತು. ಇಂದು ಎಲ್ಲರೂ ಕೆ.ಪಿ.ಸಿ. ಎನ್ನುವುದು ಇದನ್ನೇ.

ಇದರ ಮಹತ್ವ ತಿಳಿಯಬೇಕಾದರೆ ವಿದ್ಯುತ್ತಿನ ಮೂರು ಕೆಲಸಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಒಂದು, ತಯಾರಿಸುವುದು, ಅಂದರೆ ಉತ್ಪಾದನೆ. ಎರಡು, ದೊಡ್ಡ ಗೋಪುರಗಳ ಮೇಲಿನ ತಂತಿಯಲ್ಲಿ ದೂರಕ್ಕೆ ಸಾಗಿಸುವುದು, ಅಂದರೆ ಪ್ರಸರಣ. ಮೂರು, ಊರೊಳಗೆ ಹಂಚಿ ಬಿಲ್ ವಸೂಲು ಮಾಡುವುದು, ಅಂದರೆ ವಿತರಣೆ.

1948ರ ವಿದ್ಯುತ್ ಸರಬರಾಜು ಕಾಯ್ದೆಯ ಪ್ರಕಾರ ರಾಜ್ಯಗಳಲ್ಲಿ ವಿದ್ಯುತ್ ಮಂಡಳಿಗಳು ಬಂದವು. ಹೆಚ್ಚಿನ ರಾಜ್ಯಗಳಲ್ಲಿ ಈ ಮೂರು ಕೆಲಸವನ್ನೂ ಒಂದೇ ಮಂಡಳಿ ನೋಡಿಕೊಳ್ಳುತ್ತಿತ್ತು. 1960ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರದ ಮಂಡಳಿಯೂ, ನಾವೆಲ್ಲ ಎಂ.ಎಸ್.ಇ.ಬಿ. ಎಂದು ಕರೆದದ್ದು, ಹಾಗೆಯೇ ಇತ್ತು.

ಒಂದೇ ಕಚೇರಿಯಲ್ಲಿ ಮೂರೂ ಕೆಲಸವಿದ್ದರೆ ಏನಾಗುತ್ತದೆ ಎಂಬುದು ಸರ್ಕಾರಿ ಲೆಕ್ಕಪತ್ರ ಬಲ್ಲವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಬಿಲ್ ವಸೂಲಾಗದೆ ಹಣ ನಿಂತರೆ ಆ ಪೆಟ್ಟು ಹೊಸ ಅಣೆಕಟ್ಟಿನ ಕೆಲಸಕ್ಕೂ ಬೀಳುತ್ತದೆ. ನಷ್ಟ ಎಲ್ಲಿ ಆಯಿತು, ಯಂತ್ರದಲ್ಲೋ ತಂತಿಯಲ್ಲೋ ವಸೂಲಿಯಲ್ಲೋ ಎಂದು ಬಿಡಿಸಿ ಹೇಳಲಾಗುವುದಿಲ್ಲ. ಇಲಾಖೆಯ ಕೆಲಸವಾದರೆ ಒಂದು ಯೋಜನೆ ಮುಗಿದ ಮೇಲೆ ಅದರಲ್ಲಿ ಪಳಗಿದ ಎಂಜಿನಿಯರುಗಳು ಬೇರೆ ಬೇರೆ ಕಡೆ ವರ್ಗವಾಗಿ ಚದುರಿಹೋಗುತ್ತಾರೆ. ಕಂಪನಿಯಾದರೆ ಅದಕ್ಕೆ ತನ್ನದೇ ಲೆಕ್ಕ, ತನ್ನದೇ ಸಿಬ್ಬಂದಿ, ಸಾಲ ತರುವ ಅಧಿಕಾರ ಇರುತ್ತದೆ. ಶೇರುಗಳು ಸರ್ಕಾರದ ಕೈಯಲ್ಲೇ ಉಳಿಯುತ್ತವೆ.

ಮೈಸೂರಿನಲ್ಲಿ ಆಗಲೇ 1957ರಿಂದ ವಿದ್ಯುತ್ ಮಂಡಳಿ ಇತ್ತು. ಅದಕ್ಕೆ ಹಂಚುವ ಕೆಲಸ ಬಿಟ್ಟು, ಹೊಸದಾಗಿ ಕಟ್ಟುವ ಮತ್ತು ತಯಾರಿಸುವ ಕೆಲಸಕ್ಕೆ ಬೇರೆ ನಿಗಮ ಮಾಡಿದರು. ಕೇಂದ್ರ ಸರ್ಕಾರದ ಎನ್.ಟಿ.ಪಿ.ಸಿ. ಮತ್ತು ಎನ್.ಎಚ್.ಪಿ.ಸಿ. ಹುಟ್ಟಿದ್ದು 1975ರಲ್ಲಿ, ಇದಕ್ಕೆ ಐದು ವರ್ಷ ತಡವಾಗಿ. ಕೆಲಸಗಳನ್ನು ಬೇರ್ಪಡಿಸಬೇಕೆಂದು ದೇಶದ ಕಾನೂನೇ ಹೇಳಿದ್ದು 2003ರ ವಿದ್ಯುತ್ ಕಾಯ್ದೆಯಲ್ಲಿ. ಅದರಂತೆ ನಮ್ಮ ಎಂ.ಎಸ್.ಇ.ಬಿ. 2005ರ ಜೂನ್‌ನಲ್ಲಿ ಒಡೆದು ಮಹಾನಿರ್ಮಿತಿ, ಮಹಾಪಾರೇಷಣ, ಮಹಾವಿತರಣ ಎಂದು ಬೇರೆ ಬೇರೆ ಕಂಪನಿಗಳಾದವು. ಆಚೆ 1999ರಲ್ಲಿ ಪ್ರಸರಣ ನಿಗಮ, 2002ರಲ್ಲಿ ಬೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಮೊದಲಾದ ವಿತರಣಾ ಕಂಪನಿಗಳು ಬಂದವು. ಭಾಲ್ಕಿಯ ಬೀಗರ ಬಿಲ್ ಬರುವುದು ಜೆಸ್ಕಾಂನಿಂದ, ನಮ್ಮದು ಮಹಾವಿತರಣದಿಂದ. ಎರಡೂ ಹಂಚುವ ಕಂಪನಿಗಳೇ ಹೊರತು ಕರೆಂಟ್ ತಯಾರಿಸುವವಲ್ಲ. ಉತ್ಪಾದನೆಯನ್ನು ಬೇರೆ ಮಾಡುವ ವಿಷಯದಲ್ಲಿ ಮಹಾರಾಷ್ಟ್ರ 2005ರಲ್ಲಿ ಮಾಡಿದ್ದನ್ನು ಚಿಂಚೋಳಿಯ ಶಾಸಕರ ಸರ್ಕಾರ 1970ರಲ್ಲೇ ಶುರುಮಾಡಿತ್ತು.

ಕುರ್ಚಿ ಹೋಯಿತು, ನಿಗಮ ಉಳಿಯಿತು

ನಿಗಮ ಹುಟ್ಟಿ ಎಂಟು ತಿಂಗಳಿಗೆ ಪಾಟೀಲರು ಅಧಿಕಾರ ಕಳೆದುಕೊಂಡರು. 1969ರಲ್ಲಿ ಕಾಂಗ್ರೆಸ್ ಇಬ್ಭಾಗವಾದಾಗ ಅವರು ನಿಜಲಿಂಗಪ್ಪನವರ ಸಂಸ್ಥಾ ಕಾಂಗ್ರೆಸ್ಸಿನಲ್ಲಿ ನಿಂತಿದ್ದರು. 1971ರ ಲೋಕಸಭೆ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಪಕ್ಷ ದೊಡ್ಡದಾಗಿ ಗೆದ್ದಿತು. ಮಾರ್ಚ್ 18ರಂದು ಪಾಟೀಲರ ಸರ್ಕಾರ ಕೊನೆಗೊಂಡಿತು. ರಾಷ್ಟ್ರಪತಿ ಆಳ್ವಿಕೆಯ ನಂತರ 1972ರಲ್ಲಿ ದೇವರಾಜ ಅರಸರು ಬಂದರು.

ಸಾಮಾನ್ಯವಾಗಿ ವಿರೋಧಿ ಬಣದವರು ಶುರುಮಾಡಿದ ಕೆಲಸವನ್ನು ಮುಂದೆ ಬಂದವರು ಮುಚ್ಚುವುದು ಅಥವಾ ಮರೆಯುವುದು ವಾಡಿಕೆ. ಇಲ್ಲಿ ಹಾಗಾಗಲಿಲ್ಲ. ಅರಸರು, ಗುಂಡೂರಾಯರು, ರಾಮಕೃಷ್ಣ ಹೆಗಡೆಯವರು, ಹೀಗೆ ಪಕ್ಷ ಬದಲಾದರೂ ನಿಗಮ ಕೆಲಸ ಮಾಡುತ್ತಲೇ ಹೋಯಿತು. ಕಾಳಿ ನದಿಯ ಯೋಜನೆ, ವಾರಾಹಿಯ ನೆಲದಡಿಯ ವಿದ್ಯುದಾಗಾರ, ಗೇರುಸೊಪ್ಪದ ಯೋಜನೆ ಎಲ್ಲ ಅದರ ಕೈಯಿಂದ ಆದವು. 746 ಮೆಗಾವ್ಯಾಟ್‌ನಿಂದ ಶುರುವಾದ ನಿಗಮದ ಸಾಮರ್ಥ್ಯ ಈಗ 8,000 ಮೆಗಾವ್ಯಾಟ್‌ಗೂ ಹೆಚ್ಚು.

ನಮ್ಮ ಸೀಮೆಗೆ ಮುಖ್ಯವಾದದ್ದು ರಾಯಚೂರಿನ ಶಾಖೋತ್ಪನ್ನ ಕೇಂದ್ರ. ಕೃಷ್ಣಾ ದಂಡೆಯ ಶಕ್ತಿನಗರದಲ್ಲಿ 210 ಮೆಗಾವ್ಯಾಟಿನ ಮೊದಲ ಘಟಕ 1985ರಲ್ಲಿ ಶುರುವಾಯಿತು. ಎಂಟು ಘಟಕ ಸೇರಿ ಅದು 1,720 ಮೆಗಾವ್ಯಾಟಿಗೆ ಬೆಳೆಯಿತು. ಮಳೆ ಬಾರದ ವರ್ಷ ಜಲವಿದ್ಯುತ್ತನ್ನೇ ನಂಬಿದ ರಾಜ್ಯಕ್ಕೆ ಕಲ್ಲಿದ್ದಲಿನ ಆಸರೆ ಬೇಕಿತ್ತು. ಅದು ಬಂದದ್ದು ಹಿಂದುಳಿದ ನಿಜಾಮ ಸೀಮೆಯಲ್ಲಿ. ನಮ್ಮ ಮರಾಠವಾಡದ ಪರಳಿ ವೈಜನಾಥದ ವಿದ್ಯುತ್ ಕೇಂದ್ರ 1971ರಲ್ಲಿ ಶುರುವಾದದ್ದನ್ನೂ ಇದರ ಜೊತೆ ನೆನೆಯಬಹುದು.

ಪಾಟೀಲರ ಮುಂದಿನ ರಾಜಕೀಯವನ್ನು ಚಿಕ್ಕದಾಗಿ ಹೇಳುತ್ತೇವೆ. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಜನತಾ ಪಕ್ಷದಿಂದ ಇಂದಿರಾ ಗಾಂಧಿಯವರ ಎದುರು ನಿಂತು ಸೋತರು. ಮುಂದೆ ಅವರದೇ ಕಾಂಗ್ರೆಸ್ ಸೇರಿ 1980ರಲ್ಲಿ ಬಾಗಲಕೋಟೆಯಿಂದ, 1984ರಲ್ಲಿ ಕಲಬುರಗಿಯಿಂದ ಲೋಕಸಭೆಗೆ ಹೋದರು. ಕೇಂದ್ರದಲ್ಲಿ ಸಾರಿಗೆ, ಕಾರ್ಮಿಕ, ರಸಾಯನಿಕ ಮತ್ತು ರಸಗೊಬ್ಬರ ಖಾತೆಗಳನ್ನು ನೋಡಿದರು. 1989ರಲ್ಲಿ ಅವರ ನಾಯಕತ್ವದಲ್ಲಿ ಕಾಂಗ್ರೆಸ್ 224ರಲ್ಲಿ 178 ಸ್ಥಾನ ಗೆದ್ದಿತು, ಅವರು ಎರಡನೇ ಸಲ ಮುಖ್ಯಮಂತ್ರಿಯಾದರು. 1990ರ ಅಕ್ಟೋಬರಿನಲ್ಲಿ, ಗಲಭೆಗಳ ನಡುವೆ, ಅವರು ಕಾಯಿಲೆಯಲ್ಲಿದ್ದಾಗಲೇ ಪಕ್ಷದ ವರಿಷ್ಠರು ಅವರನ್ನು ಇಳಿಸಿದರು. 1997ರ ಮಾರ್ಚ್ 14ರಂದು ತೀರಿಕೊಂಡರು. ಎರಡು ಸಲ ಮುಖ್ಯಮಂತ್ರಿಯಾದರೂ ಎರಡೂ ಸಲ ಸೇರಿ ನಾಲ್ಕು ವರ್ಷ ತುಂಬಲಿಲ್ಲ. ನಿಗಮಕ್ಕೆ ಮಾತ್ರ 50 ವರ್ಷ ದಾಟಿದೆ.

ಇನ್ನೊಂದು ಮಗ್ಗುಲು

ಹೊಗಳಿಕೆಯನ್ನಷ್ಟೇ ಬರೆದರೆ ಲೆಕ್ಕ ಪೂರ್ತಿಯಾಗುವುದಿಲ್ಲ. ಶರಾವತಿ, ಕಾಳಿ ಯೋಜನೆಗಳಿಗಾಗಿ ಮನೆ ಹೊಲ ಬಿಟ್ಟು ಎದ್ದ ಮಲೆನಾಡಿನ ಕುಟುಂಬಗಳು ಸಾವಿರಾರು. ಶರಾವತಿ ಸಂತ್ರಸ್ತರ ಭೂಮಿಯ ಹಕ್ಕುಪತ್ರದ ಪ್ರಶ್ನೆ ಅರವತ್ತು ವರ್ಷ ಕಳೆದರೂ ಪೂರ್ತಿ ಬಗೆಹರಿದಿಲ್ಲ. ನಮ್ಮ ಮನೆಯ ದೀಪದ ಹಿಂದೆ ಯಾರದೋ ಮುಳುಗಿದ ಊರಿದೆ.

ಇನ್ನು ಪಾಟೀಲರ ಸ್ವಂತ ಸೀಮೆ. ಅವರು ಎರಡು ಸಲ ಮುಖ್ಯಮಂತ್ರಿಯಾದರೂ ಕಲಬುರಗಿ, ಬೀದರ ಭಾಗದ ಹಿಂದುಳಿದ ಸ್ಥಿತಿ ಹೋಗಲಿಲ್ಲ. ಅದಕ್ಕಾಗಿಯೇ ಸಂವಿಧಾನದಲ್ಲಿ 371-ಜೆ ವಿಧಿ ಸೇರಿಸಬೇಕಾಯಿತು. ಮರಾಠವಾಡಕ್ಕೂ 1994ರಲ್ಲಿ ವೈಧಾನಿಕ ವಿಕಾಸ ಮಂಡಳ ಮಾಡಬೇಕಾಯಿತು. ಗಡಿಯ ಎರಡೂ ಬದಿ ತಂತಿಯ ಕೊನೆಯ ಊರುಗಳೇ. ಕರೆಂಟ್ ತಯಾರಿಸುವ ಸಂಸ್ಥೆ ಗಟ್ಟಿಯಾದ ಮಾತ್ರಕ್ಕೆ ಕೊನೆಯ ಕಂಬದವರೆಗೆ ಸರಿಯಾದ ವೋಲ್ಟೇಜ್ ತಾನಾಗಿ ಬರುವುದಿಲ್ಲ ಎಂಬುದನ್ನು ನಮ್ಮ ಪಂಪಿನ ಮೋಟಾರುಗಳೇ ಹೇಳುತ್ತವೆ.

ಸೋಲಾಪುರದ ಪಾಠ

ನಾವು ಮತ ಹಾಕುವ ಮಹಾರಾಷ್ಟ್ರದಲ್ಲಿಯೂ ಹೋಲಿಸಿ ನೋಡಲು ಒಬ್ಬರಿದ್ದಾರೆ. ಸೋಲಾಪುರದ ಸುಶೀಲಕುಮಾರ ಶಿಂದೆಯವರು ಕೋರ್ಟಿನ ನೌಕರಿ, ಪೊಲೀಸ್ ನೌಕರಿ ಮಾಡಿ 1974ರಲ್ಲಿ ಶಾಸಕರಾದವರು. 2003ರಲ್ಲಿ ಮುಖ್ಯಮಂತ್ರಿಯಾದರು. 2004ರ ಚುನಾವಣೆಗೆ ಮುಂಚೆ ಅವರ ಸರ್ಕಾರ ರೈತರಿಗೆ ಉಚಿತ ವಿದ್ಯುತ್ ಘೋಷಿಸಿತು. ಚುನಾವಣೆಯ ನಂತರ ಬಂದ, ನಮ್ಮ ಲಾತೂರಿನವರೇ ಆದ ವಿಲಾಸರಾವ್ ದೇಶಮುಖರ ಸರ್ಕಾರ 2005ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಆ ವರ್ಷಗಳ ಲೋಡ್ ಶೆಡ್ಡಿಂಗ್ ನಮಗೆಲ್ಲ ನೆನಪಿದೆ. ಬೇಡಿಕೆಗೆ ತಕ್ಕಷ್ಟು ಉತ್ಪಾದನೆ ಇರಲಿಲ್ಲ, ಕರೆಂಟೇ ಇಲ್ಲದಾಗ ಪುಕ್ಕಟೆ ಎಂಬ ಮಾತಿಗೆ ಬೆಲೆ ಇರಲಿಲ್ಲ.

ಶಿಂದೆಯವರು 2006ರಿಂದ 2012ರವರೆಗೆ ಕೇಂದ್ರ ಇಂಧನ ಸಚಿವರಾಗಿದ್ದರು. ಅವರ ಅವಧಿಯ ಕೊನೆಗೆ, 2012ರ ಜುಲೈ 30 ಮತ್ತು 31ರಂದು, ಉತ್ತರ ಮತ್ತು ಪೂರ್ವ ಭಾರತದ ಗ್ರಿಡ್ ಕುಸಿದು ಸುಮಾರು 60 ಕೋಟಿ ಜನ ಇರುವ ಪ್ರದೇಶ ಕತ್ತಲಾಯಿತು. ದಕ್ಷಿಣದ ಗ್ರಿಡ್ ಆಗ ಬೇರೆಯಾಗಿತ್ತು. ಮರುವರ್ಷ, 2013ರ ಡಿಸೆಂಬರ್ 31ರಂದು, 765 ಕೆ.ವಿ.ಯ ರಾಯಚೂರು-ಸೋಲಾಪುರ ಮಾರ್ಗ ಚಾಲೂ ಆಗಿ ದಕ್ಷಿಣದ ಗ್ರಿಡ್ ದೇಶದ ಗ್ರಿಡ್‌ಗೆ ಸೇರಿತು. ದೇಶವೆಲ್ಲ ಒಂದೇ ಗ್ರಿಡ್ ಆದದ್ದು ನಮ್ಮ ಗಡಿಯನ್ನು ದಾಟಿದ ಆ ತಂತಿಯಿಂದ. ರಾಜ್ಯದ ಗಡಿ 1956ರಲ್ಲಿ ನಮ್ಮನ್ನು ಬೇರೆ ಮಾಡಿತು, ಗ್ರಿಡ್ ಮಾತ್ರ ಈಗ ಒಂದೇ.

ಪುಕ್ಕಟೆ ಎಂದರೆ ಏನು?

ಸರ್ಕಾರ ಬಿಲ್ ಮಾಫಿ ಮಾಡಿದಾಗ ಕರೆಂಟಿನ ಖರ್ಚು ಇಲ್ಲವಾಗುವುದಿಲ್ಲ. ಬಳಸಿದ ಯೂನಿಟ್ಟಿನ ಹಣವನ್ನು ರಾಜ್ಯ ಸರ್ಕಾರ ಬಜೆಟ್ಟಿನಿಂದ ವಿತರಣಾ ಕಂಪನಿಗೆ ಸಬ್ಸಿಡಿಯಾಗಿ ಕೊಡಬೇಕು. ವಿತರಣಾ ಕಂಪನಿ ಉತ್ಪಾದನಾ ಕಂಪನಿಗೆ ಕೊಡಬೇಕು. ಅದು ಕಲ್ಲಿದ್ದಲಿನ ಬೆಲೆ, ಸಾಲದ ಕಂತು, ಸಿಬ್ಬಂದಿಯ ಪಗಾರ ಕೊಡಬೇಕು. ಈ ಸರಪಳಿಯಲ್ಲಿ ಮೊದಲನೆಯವರು ತಡ ಮಾಡಿದರೆ ಕೊನೆಯವರೆಗೆ ಬಾಕಿ ಬೆಳೆಯುತ್ತದೆ. ರಿಪೇರಿ ಮುಂದಕ್ಕೆ ಹೋಗುತ್ತದೆ, ಸುಟ್ಟ ಡಿ.ಪಿ. (ಆಚೆಯವರು ಟಿ.ಸಿ. ಎನ್ನುತ್ತಾರೆ) ಬದಲಾಗುವುದು ತಡವಾಗುತ್ತದೆ. ಆದ್ದರಿಂದ ಬಡವರಿಗೆ, ರೈತರಿಗೆ ಸಬ್ಸಿಡಿ ಬೇಡವೆಂದು ನಾವು ಹೇಳುತ್ತಿಲ್ಲ. ಸಬ್ಸಿಡಿಯ ಹಣ ಸಮಯಕ್ಕೆ ಸಂದಾಯವಾಯಿತೇ ಎಂದು ಕೇಳಬೇಕು ಎನ್ನುತ್ತೇವೆ.

ನಮ್ಮ ಆಮದಾರರನ್ನು ಏನು ಕೇಳಬೇಕು?

ನಮ್ಮಲ್ಲಿ ಆಮದಾರರ ಹತ್ತಿರ ಹೋದಾಗ ಕೇಳುವುದು ಹೆಚ್ಚಾಗಿ ಒಂದು ಡಿ.ಪಿ., ನಾಲ್ಕು ಕಂಬ, ಒಂದು ಹೈಮಾಸ್ಟ್ ದೀಪ. ಅವೂ ಬೇಕು. ಆದರೆ ಶಾಸಕರ ನಿಜವಾದ ಅಧಿಕಾರ ಇರುವುದು ಸದನದಲ್ಲಿ. ವಿದ್ಯುತ್ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರಕ್ಕೂ ರಾಜ್ಯಕ್ಕೂ ಅಧಿಕಾರವಿದೆ. ಇಂಧನ ಇಲಾಖೆಯ ಬೇಡಿಕೆಗೆ ಮತ ಹಾಕುವವರು ಶಾಸಕರು. ಸರ್ಕಾರಿ ಕಂಪನಿಗಳ ಲೆಕ್ಕವನ್ನು ಪರಿಶೀಲಿಸಲು ವಿಧಾನಮಂಡಲದ ಸಾರ್ವಜನಿಕ ಉದ್ದಿಮೆಗಳ ಸಮಿತಿ ಇದೆ.

ಆದ್ದರಿಂದ ಯಾವ ಪಕ್ಷದವರೇ ಬರಲಿ, ನಾವು ಈ ನಾಲ್ಕು ಪ್ರಶ್ನೆ ಕೇಳಬೇಕು.

1. ಕೃಷಿ ಪಂಪುಗಳ ಸಬ್ಸಿಡಿ ಹಣ ಈ ವರ್ಷ ಮಹಾವಿತರಣಕ್ಕೆ ಎಷ್ಟು ಸಂದಾಯವಾಗಿದೆ, ಎಷ್ಟು ಬಾಕಿ ಇದೆ?

2. ನಮ್ಮ ತಾಲೂಕಿನ ಸಬ್‌ಸ್ಟೇಷನ್ನಿನ ಸಾಮರ್ಥ್ಯ ಎಷ್ಟು, ಈಗ ಅದರ ಮೇಲಿರುವ ಹೊರೆ ಎಷ್ಟು?

3. ಪಂಪಿಗೆ ಹಗಲಿನಲ್ಲೇ ತ್ರೀ-ಫೇಸ್ ಕರೆಂಟ್ ಯಾವಾಗಿನಿಂದ? ರಾತ್ರಿ ಪಾಳಿಯಲ್ಲಿ ನೀರು ಬಿಡಲು ಹೋಗಿ ಹಾವು ಕಚ್ಚಿಸಿಕೊಳ್ಳುವ ಭಯ ನಮ್ಮ ಮನೆಗಳಲ್ಲಿ ಇಂದಿಗೂ ಇದೆ. 2017ರಿಂದ ಇರುವ ಮುಖ್ಯಮಂತ್ರಿ ಸೌರ ಕೃಷಿ ವಾಹಿನಿ ಯೋಜನೆಯ ಉದ್ದೇಶವೇ ಹಗಲು ಕರೆಂಟ್.

4. ಸೌರ ಘಟಕಕ್ಕೆ ಜಮೀನನ್ನು ಬಾಡಿಗೆಗೆ ಕೊಟ್ಟವರ ಕರಾರು ಎಷ್ಟು ವರ್ಷದ್ದು, ಬಾಡಿಗೆ ಏರಿಕೆ ಹೇಗೆ, ಕಂಪನಿ ನಿಂತುಹೋದರೆ ಹೊಣೆ ಯಾರು?

ಇದರ ಜೊತೆ ನಮ್ಮ ಕೈಯಲ್ಲೇ ಇರುವ ಎರಡು ದಾರಿಗಳನ್ನೂ ತಿಳಿದಿರಬೇಕು. ದರ ಏರಿಸುವ ಮುಂಚೆ ಮಹಾರಾಷ್ಟ್ರ ವಿದ್ಯುತ್ ನಿಯಂತ್ರಣ ಆಯೋಗ ಸಾರ್ವಜನಿಕರ ಆಕ್ಷೇಪಣೆ ಕರೆಯುತ್ತದೆ. ಯಾವ ಗ್ರಾಹಕರಾದರೂ ಬರೆದು ಕೊಡಬಹುದು. ಹಳ್ಳಿಯಲ್ಲಿ ಕೆಟ್ಟ ಡಿ.ಪಿ.ಯನ್ನು 48 ಗಂಟೆಯಲ್ಲಿ ಸರಿಪಡಿಸಬೇಕೆಂದು ಆಯೋಗದ ನಿಯಮವಿದೆ. ತಡವಾದರೆ ಗ್ರಾಹಕ ಕುಂದುಕೊರತೆ ನಿವಾರಣಾ ವೇದಿಕೆಗೆ ಅರ್ಜಿ ಹಾಕಿ ಪರಿಹಾರ ಕೇಳಬಹುದು. ದೂರು ಕೊಟ್ಟ ದಿನಾಂಕ, ವೇಳೆ ಮತ್ತು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳದಿದ್ದರೆ ಯಾವ ಅರ್ಜಿಯೂ ನಿಲ್ಲುವುದಿಲ್ಲ. ಮರಾಠಿಯಲ್ಲಿ ಅರ್ಜಿ ಬರೆಯಲು ಕಷ್ಟವಾಗುವ ಹಿರಿಯ ಸದಸ್ಯರಿಗೆ ಸಂಘದಿಂದ ಬರೆದು ಕೊಡುತ್ತೇವೆ, ಇದಕ್ಕೆ ಶುಲ್ಕವಿಲ್ಲ.

ವೀರೇಂದ್ರ ಪಾಟೀಲರ ಕಾಲದಲ್ಲಿಯೂ ಚಿಂಚೋಳಿಯ ಜನ ಅವರ ಹತ್ತಿರ ಕಂಬ, ರಸ್ತೆ ಎಂದೇ ಕೇಳಿರುತ್ತಾರೆ. ಕಂಪನಿ ಮಾಡಿಕೊಡಿ ಎಂದು ಯಾರೂ ಕೇಳಿರಲಿಕ್ಕಿಲ್ಲ. ಯಾರೂ ಕೇಳದ ಆ ಕೆಲಸವೇ ಅವರ ಕುರ್ಚಿಗಿಂತ ಹೆಚ್ಚು ಕಾಲ ಬಾಳಿತು. ನಮ್ಮ ಶಾಸಕರಿಂದ ಅಂಥ ಕೆಲಸ ಆಗಬೇಕಾದರೆ ಕೇಳುವುದನ್ನು ನಾವೂ ಕಲಿಯಬೇಕು.

ಸದಸ್ಯರಿಗೆ ಸೂಚನೆ: ಮುಂದಿನ ಮಾಸಿಕ ಸಭೆಯಲ್ಲಿ ಈ ವಿಷಯದ ಮೇಲೆ ಚರ್ಚೆ ಇರುತ್ತದೆ. ಬರುವವರು ತಮ್ಮ ಮನೆಯ ಅಥವಾ ಪಂಪಿನ ಇತ್ತೀಚಿನ ಬಿಲ್ ತರಬೇಕಾಗಿ ವಿನಂತಿ. ಬಿಲ್ಲಿನ ಸ್ಥಿರ ಆಕಾರ, ವಹನ ಆಕಾರ, ಇಂಧನ ಸಮಾಯೋಜನ ಮೊದಲಾದ ಮರಾಠಿ ಕಲಮುಗಳನ್ನು ಕನ್ನಡದಲ್ಲಿ ಒಂದೊಂದಾಗಿ ವಿವರಿಸುತ್ತೇವೆ. ಶಾಲೆ ಕಾಲೇಜಿಗೆ ಹೋಗುವ ಮಕ್ಕಳನ್ನೂ ಕರೆತನ್ನಿ.

ಕಾರ್ಯದರ್ಶಿ
ಸಂಘದ ಪರವಾಗಿ, ದೇವಣಿ